ಮನೆಯ ಮಾತು: ಓದಿನ ಜೊತೆಗಾರ

ಸಂಗದಿಂದ ಸನ್ಯಾಸಿ ಕೆಟ್ಟನೆಂಬ ಗಾದೆಯನ್ನು ನಾವು ಮಕ್ಕಳಿಗೆ ಎಚ್ಚರಿಕೆಯಾಗಿ ಹೇಳುವೆವು. ಆದರೆ ಸಂಗದಿಂದಲೇ ಓದು ಕುದುರುವುದೂ ಉಂಟೆಂಬುದನ್ನು ಮರೆಯುವೆವು.

ದಕ್ಷಿಣ ಕನ್ನಡದ ಬ್ಯಾರಿ ಮನೆಗಳ ಮಕ್ಕಳನ್ನು ನೋಡಿರಿ. ಅವರಲ್ಲಿ ಅನೇಕರು ಬೆಳಗ್ಗೆ ಶಾಲೆಗೆ ಹೊರಡುವ ಮೊದಲೇ ಮದ್ರಸಕ್ಕೆ ಹೋಗಿ ಬರುವರು. ಕೇರಳದಲ್ಲಿ 1951ರಲ್ಲಿ ಸ್ಥಾಪಿತವಾದ ಸಮಸ್ತ ಮಂಡಳಿಯ ಪಾಠಕ್ರಮವು ಇಲ್ಲಿಯ ಅನೇಕ ಮದ್ರಸಗಳಲ್ಲಿ ನಡೆಯುತ್ತದೆ. 5, 7, 10ನೆಯ ತರಗತಿಗಳಿಗೆ ಸಾರ್ವಜನಿಕ ಪರೀಕ್ಷೆಯೂ ಉಂಟು. ಮಳೆಗಾಲದ ಮುಂಜಾವಿನಲ್ಲಿ ಹೊದಿಕೆಯನ್ನು ಬಿಟ್ಟೇಳುವುದು ಏಳೆಂಟು ವರುಷದ ಕೂಸಿಗೆ ಸುಲಭವೇ? ಉಮ್ಮನ ಗದರಿಕೆಗೆ ಏಳದ ಹುಡುಗನು, ಅಂಗಳದಿಂದ ಗೆಳೆಯನು ಒಮ್ಮೆ ಕೂಗಿದೊಡನೆ ಟೊಪ್ಪಿಯನ್ನು ಹುಡುಕತೊಡಗುವನು.

ತರಗತಿಯೊಳಗೂ ಹೀಗೆಯೇ. ಅರಬ್ಬಿಯ 28 ಅಕ್ಷರಗಳಲ್ಲಿ ಸೀನ್, ಸ್ವಾದ್, ಸಾ ಎಂಬ ಮೂರೂ ನಮ್ಮ ಕಿವಿಗೆ ಸಕಾರದಂತೆಯೇ ಕೇಳಿಸುವುವು. ನಾಲಗೆ ತಪ್ಪಿದಾಗ ಪಕ್ಕದವರು ನಕ್ಕರೆ, ಮರುದಿನ ಮಗುವಿಗೆ ಹೊಟ್ಟೆನೋವು! ನಾವದನ್ನು ಸೋಮಾರಿತನವೆನ್ನುವೆವು, ನಿಜವಾಗಿ ಅದು ನಾಚಿಕೆ. ಅದೇ ಪಕ್ಕದವನು ಮೆಲ್ಲನೆ ತಿದ್ದಿದನೆಂದರೆ, ಉಸ್ತಾದರ ಬೆತ್ತದಿಂದಾಗದ ಕೆಲಸವು ಆದೀತು. ಕುರಾನನ್ನು ಕಂಠಪಾಠ ಮಾಡುವವರಲ್ಲಿ ಇಬ್ಬರು ಎದುರುಬದುರಾಗಿ ಕುಳಿತು ಒಬ್ಬರ ಪಾಠವನ್ನು ಮತ್ತೊಬ್ಬರು ಕೇಳುವ ಪದ್ಧತಿಯುಂಟು. ಇದರಿಂದ ಒಪ್ಪಿಸುವವನಿಗೂ ಕೇಳುವವನಿಗೂ ಪಾಠವು ಗಟ್ಟಿಯಾಗುವುದು.

ಒಳ್ಳೆಯ ಸಂಗಾತಿಯನ್ನು ಕಸ್ತೂರಿ ಮಾರುವವನಿಗೂ, ಕೆಟ್ಟವನನ್ನು ಕುಲುಮೆಯೂದುವವನಿಗೂ ಪ್ರವಾದಿಯವರು ಹೋಲಿಸಿರುವರು. ಕಸ್ತೂರಿಯನ್ನು ಕೊಳ್ಳದಿದ್ದರೂ ಪರಿಮಳವಾದರೂ ತಾಗುವುದು. ಕುಲುಮೆಯ ಕಿಡಿಯೋ ಬಟ್ಟೆಯನ್ನು ಸುಟ್ಟೀತು.

ಹಾಗಾದರೆ ತಾಯಂದಿರು ಮಾಡತಕ್ಕದ್ದೇನು? ಮೊದಲನೆಯದಾಗಿ, “ನೆರೆಮನೆಯವನು ಎಷ್ಟು ಸೂರಾ ಕಲಿತಿರುವನು, ನೀನು ನೋಡು” ಎಂಬ ಮಾತನ್ನು ಬಿಡಬೇಕು. ಇಂತಹ ಹೋಲಿಕೆಯು ಜೊತೆಗಾರನನ್ನೇ ವೈರಿಯನ್ನಾಗಿ ಮಾಡುವುದು. ಅದರ ಬದಲು ಆ ನೆರೆಮನೆಯವನನ್ನೇ ಸಂಜೆ ಕರೆದು, ಇಬ್ಬರಿಗೂ ತಿಂಡಿಯನ್ನಿತ್ತು, ಒಟ್ಟಿಗೆ ಕುಳ್ಳಿರಿಸಿರಿ. ಮಗು ಹೋಗಲಾರೆನೆಂದು ಹಟಹಿಡಿದರೆ, ಬಯ್ಯುವ ಮುಂಚೆ ಯಾರು ನಕ್ಕರೆಂದು ಕೇಳಿರಿ, ಉಸ್ತಾದರಿಗೂ ತಿಳಿಸಿರಿ. ನಿಮ್ಮ ಮಗುವೇ ನಕ್ಕಿರಬಹುದೆಂಬುದನ್ನೂ ಮರೆಯದಿರಿ.

ಇನ್ನೊಂದು ಮಾತು. ಗೆಳೆಯನಿಂದ ಬಂದ ಉತ್ಸಾಹವು ಗೆಳೆಯನು ಊರು ಬಿಟ್ಟರೆ ಹೋದೀತು. ಹಚ್ಚಿದ ದೀಪಕ್ಕೆ ಎಣ್ಣೆಯನ್ನೆರೆಯುವ ಕೆಲಸವು ಮನೆಯದೇ. ದಿನಕ್ಕೊಮ್ಮೆ, ಅಡುಗೆಯ ನಡುವೆಯಾದರೂ ಸರಿ, “ಇಂದೇನು ಓದಿದೆ, ನನಗೂ ಹೇಳು” ಎಂದು ಕೇಳುವ ತಾಯಿಯೂ ಮಗುವಿಗೆ ಒಬ್ಬ ಸಹಪಾಠಿಯೇ.