ಏದುಸಿರಿನವನು ತೂಕಡಿಸಿದರೆ

"ಪಾಪ, ಈಗ ಕಣ್ಣು ಹತ್ತಿದೆ, ಎಬ್ಬಿಸಬೇಡಿ." ನಮ್ಮ ಖೋಲಿಗಳಲ್ಲಿ ಉಬ್ಬಸದವನ ಬಗ್ಗೆ ಆಡುವ ಈ ದಯೆಯ ಮಾತೇ ಅಪಾಯಕರವೆಂದು ನಮ್ಮ ಅಭಿಪ್ರಾಯ. ರಾತ್ರಿಯೆಲ್ಲ ಏದುಸಿರು ಬಿಟ್ಟವನು ಮಂಕಾಗಿ, ತಡವರಿಸುತ್ತ ತೂಕಡಿಸತೊಡಗಿದರೆ ಅದು ಗುಣಮುಖವಲ್ಲ. ಉಸಿರೆಳೆಯುವ ಸ್ನಾಯುಗಳು ಸೋತು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬುತ್ತಿರಬಹುದು.

ಬಂಧುಗಳೇ, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿರಿ. ದೊಡ್ಡವರಿಗೆ 12ರಿಂದ 20 ಸಹಜ. 30 ದಾಟಿದರೆ, ಒಂದು ವಾಕ್ಯ ಮುಗಿಸಲಾರದಿದ್ದರೆ, ತುಟಿ ನೀಲಿಗಟ್ಟಿದರೆ ಪಾಳಿ ಮುಗಿಯಲೆಂದು ಕಾಯಕೂಡದು. ಎಚ್ಚರವಿದ್ದವನನ್ನು ಅಂಗಾತ ಮಲಗಿಸದೆ ಒರಗಿಸಿ ಕೂರಿಸಿ, ಕೂಡಲೇ ಆಸ್ಪತ್ರೆಗೆ ಸಾಗಿಸಿರಿ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಳ್ಳೆಯದೇ. ಆದರೆ ಮುಚ್ಚಿದ ಅಡಿಗೆಮನೆಯಲ್ಲಿ ಇದ್ದಲಿನ ಹೊಗೆ ಕುಡಿದವನ ವಿಷಯದಲ್ಲಿ ಅದು ಮೋಸ ಹೋಗುತ್ತದೆ. ಕಾರ್ಬನ್ ಮಾನಾಕ್ಸೈಡನ್ನೇ ಆಮ್ಲಜನಕವೆಂದು ಓದಿ 98 ತೋರಿಸೀತು! ಹತ್ತಿಧೂಳು, ಬೀಡಿಗಳಿಂದ ಶ್ವಾಸಕೋಶ ಸವೆದ ಹಳೆಯ ಗಿರಣಿಯವರಿಗೆ ಆಮ್ಲಜನಕ ಹೆಚ್ಚಾದರೂ ಕೆಡುಕು. ಅಂಥವರಿಗೆ ವೈದ್ಯರು ಸಾಮಾನ್ಯವಾಗಿ 88ರಿಂದ 92ರಲ್ಲೇ ನಿಲ್ಲಿಸುತ್ತಾರೆ. ಬಾಡಿಗೆ ಸಿಲಿಂಡರ್ ತಂದು ಖೋಲಿಯಲ್ಲೇ ಚಿಕಿತ್ಸೆ ನಡೆಸುವ ಸಾಹಸ ಬೇಡ.

ಆಸ್ಪತ್ರೆಗೆ ಜೊತೆ ಹೋದ ಗೆಳೆಯನ ಅರ್ಧ ದಿನದ ಪಗಾರ ಕತ್ತರಿಸುವ ಮಾಲೀಕರನ್ನು ಸಂಘ ಕೇಳಲೇಬೇಕು. ಇ.ಎಸ್.ಐ. ಚೀಟಿಯುಳ್ಳವರು ಅದನ್ನು ಪೆಟ್ಟಿಗೆಯ ತಳದಲ್ಲಿಡದೆ, ಖೋಲಿಯವರಿಗೆಲ್ಲ ತಿಳಿದ ಜಾಗದಲ್ಲಿಡಿರಿ.