ಹೊಟ್ಟೆ ಸ್ಕ್ಯಾನ್ ನಾರ್ಮಲ್ ಬಂದರೆ ಒಳಗೆ ರಕ್ತಸ್ರಾವ ಇಲ್ಲವೆಂದೇ?

‘ಸ್ಕ್ಯಾನ್ ನಾರ್ಮಲ್ ಬಂದಿದೆ, ಬರೀ ಗ್ಯಾಸ್ ಇರಬೇಕು’ ಎಂಬ ಮಾತು ಮನೆಯವರಿಗೆಲ್ಲ ಸಮಾಧಾನ ಕೊಡುತ್ತದೆ. ಆದರೆ ಹಿಮೋಫಿಲಿಯಾದಂತಹ ರಕ್ತದ ಕಾಯಿಲೆ ಇರುವವರಿಗೆ ಈ ಮಾತು ಪೂರ್ತಿ ಒಪ್ಪುವುದಿಲ್ಲ.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಎರಡು ಪುಟ್ಟ ಗ್ರಂಥಿಗಳೇ ಅಡ್ರಿನಲ್. ತೂಕ ತಲಾ 4–5 ಗ್ರಾಂ. ರಕ್ತದೊತ್ತಡ ಕುಸಿಯದಂತೆ ಕಾಯುವ ಹಾರ್ಮೋನುಗಳು ಇಲ್ಲಿಂದಲೇ ಬರುತ್ತವೆ. ಇಲ್ಲಿ ರಕ್ತಸ್ರಾವವಾಗುವುದು ಅಪರೂಪ, ಆದರೆ ಆದಾಗ ಜೀವಕ್ಕೇ ಅಪಾಯ.

ರಕ್ತ ಹೆಪ್ಪುಗಟ್ಟುವ ಕಾಯಿಲೆಯಲ್ಲೂ ರಕ್ತಸ್ರಾವವೇ?

ಹೌದು. ಈ ಗ್ರಂಥಿಗೆ ರಕ್ತ ತರುವ ಸಣ್ಣ ನಾಳಗಳು ಹತ್ತಾರು, ಹೊರಗೆ ಒಯ್ಯುವ ಮುಖ್ಯ ನಾಳ ಒಂದೇ. ಸಿರುಗುಪ್ಪದ ಭತ್ತದ ಗದ್ದೆಗೆ ನೀರು ಬರುತ್ತಲೇ ಇದ್ದು, ಬಸಿಗಾಲುವೆ ಕಟ್ಟಿಕೊಂಡರೆ ಬದು ಒಡೆಯುವುದಿಲ್ಲವೇ? ಹಾಗೆಯೇ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಇರುವವರಲ್ಲಿ ಆ ಒಂದು ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಗ್ರಂಥಿಯೊಳಗೆ ರಕ್ತ ಸೋರುತ್ತದೆ.

ಯಾವ ಸ್ಕ್ಯಾನ್?

ನವಜಾತ ಶಿಶುಗಳಿಗೆ ಅಲ್ಟ್ರಾಸೌಂಡ್ ಸಾಕಾಗುತ್ತದೆ. ದೊಡ್ಡವರಲ್ಲಿ ಗ್ರಂಥಿ ಆಳದಲ್ಲಿರುವುದರಿಂದ, ನಡುವೆ ಕರುಳಿನ ಗಾಳಿಯೂ ಅಡ್ಡ ಬರುವುದರಿಂದ ತಪ್ಪಿಹೋಗಬಹುದು. ತುರ್ತಿನಲ್ಲಿ ಸಿ.ಟಿ. ಸ್ಕ್ಯಾನ್ ಉತ್ತಮ, ಹೊಸ ರಕ್ತ ಅದರಲ್ಲಿ ಬೆಳ್ಳಗೆ ಕಾಣುತ್ತದೆ. ರಕ್ತ ಎಷ್ಟು ಹಳೆಯದು ಎಂದು ಅಂದಾಜಿಸಲು ಎಂ.ಆರ್.ಐ. ನೆರವಾಗುತ್ತದೆ. ಕೆಲವು ತಿಂಗಳ ನಂತರವೂ ಊತ ಕರಗದಿದ್ದರೆ ಗೆಡ್ಡೆ ಇದೆಯೇ ಎಂದು ನೋಡಬೇಕು.

ಸ್ಕ್ಯಾನ್‌ಗಾಗಿ ಕಾಯಬೇಕೇ?

ಬೇಡ. ಹೊಟ್ಟೆ, ಪಕ್ಕೆ ಅಥವಾ ಬೆನ್ನು ನೋವಿನ ಜೊತೆ ವಾಂತಿ, ತೀರಾ ಸುಸ್ತು, ಬಿ.ಪಿ. ಇಳಿತ ಕಂಡರೆ ವೈದ್ಯರು ವರದಿಗೆ ಮೊದಲೇ ಹೈಡ್ರೋಕಾರ್ಟಿಸೋನ್ ಕೊಡುತ್ತಾರೆ. ಹಿಮೋಫಿಲಿಯಾ ಇದ್ದರೆ ಫ್ಯಾಕ್ಟರ್ ಕೂಡ ತಡಮಾಡುವಂತಿಲ್ಲ.

ಸಿರುಗುಪ್ಪದಿಂದ ಬಳ್ಳಾರಿ 50 ಕಿ.ಮೀ.ಗೂ ದೂರ, ಕುರುಗೋಡು ತುಸು ಹತ್ತಿರ. ಊರಲ್ಲೇ ಸೊಂಟಕ್ಕೆ ನೋವಿನ ಇಂಜೆಕ್ಷನ್ ಹಾಕಿಸಿ ಕಾಯುವುದು ಹಿಮೋಫಿಲಿಯಾ ಇರುವವರಿಗೆ ಇನ್ನೊಂದು ಅಪಾಯ, ಏಕೆಂದರೆ ಸೂಜಿ ಚುಚ್ಚಿದ ಸ್ನಾಯುವಿನಲ್ಲೂ ರಕ್ತ ಸೋರಬಹುದು. ಜನ ಈಗಲೂ ವಿಮ್ಸ್ ಎನ್ನುವ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಗೋ ಬೇರೆ ದೊಡ್ಡ ಆಸ್ಪತ್ರೆಗೋ ನೇರ ಹೊರಡಿ. 108ಕ್ಕೆ ಕರೆ ಮಾಡಿ. ಒಳಗೆ ಹೋದ ಕೂಡಲೇ ಮೊದಲ ಮಾತಾಗಿ ‘ಇವರಿಗೆ ರಕ್ತದ ಕಾಯಿಲೆ ಇದೆ’ ಎಂದು ಹೇಳಿ. ಯಾವ ಸ್ಕ್ಯಾನ್ ಮಾಡಬೇಕು, ಏನನ್ನು ಹುಡುಕಬೇಕು ಎಂಬುದು ವೈದ್ಯರಿಗೆ ಹೊಳೆಯುವುದು ಆ ಮಾತಿನಿಂದಲೇ.