ಹೋಟೆಲಿನ ಆಳು ಏಕೆ ನಿಲ್ಲುವುದಿಲ್ಲ?

“ಆಳು ಸಿಗುವುದಿಲ್ಲ, ಸಿಕ್ಕವನು ನಿಲ್ಲುವುದಿಲ್ಲ” ಎಂಬುದು ಹೋಟೆಲು ಮಾಲಿಕರ ನಿತ್ಯದ ಗೋಳು. ಈಗಿನ ಹುಡುಗರಿಗೆ ಮೈಬಗ್ಗಿಸಿ ದುಡಿಯುವ ಬುದ್ಧಿಯಿಲ್ಲವೆಂದು ಅವರು ಹೇಳುತ್ತಾರೆ. ಕಾಫಿ ಹೀರುತ್ತ ಕುಳಿತವರು ತಲೆದೂಗುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ.

ಹೋಟೆಲಿನ ಆಳಿನ ದಿನ ಹೇಗಿರುತ್ತದೆಂಬುದನ್ನು ಕೊಂಚ ವಿಚಾರ ಮಾಡೋಣ. ಬೆಳಗಾಗುವಷ್ಟರಲ್ಲಿ ಇಡ್ಲಿ ಬೇಯಬೇಕಾದರೆ ನಸುಕಿನಲ್ಲೇ ಒಲೆ ಹೊತ್ತಬೇಕು. ತಿಂಡಿಯ ಗದ್ದಲ ಮುಗಿಯುವ ಹೊತ್ತಿಗೆ ಊಟದ ಗದ್ದಲ. ಆ ಬಳಿಕ ಎರಡು ಮೂರು ಗಂಟೆ ಬಿಡುವು. ಸಂಜೆ ಮತ್ತೆ ಕೆಲಸ. ಕೊನೆಯ ಗಿರಾಕಿ ಎದ್ದು, ನೆಲ ತೊಳೆದಾದ ಮೇಲೆಯೇ ಮಲಗುವುದು. ನಡುವಣ ಆ ಬಿಡುವು ಮನೆಗೆ ಹೋಗಿಬರಲು ಸಾಲದು, ಕೂಲಿಯ ಲೆಕ್ಕಕ್ಕೂ ಸೇರದು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿಯನ್ನೂ ವಾರಕ್ಕೊಂದು ರಜವನ್ನೂ ವಿಧಿಸಿತು. ಆದರೆ ಹೀಗೆ ಒಡೆದ ದಿನದಲ್ಲಿ ಎಣಿಕೆಗೆ 9 ಗಂಟೆಯೇ ಆದರೂ ಆಳಿನ ಪಾಲಿಗೆ ಇಡೀ ದಿನವೇ ಹೋಯಿತು!

ಹಿಂದೆಯೂ ಹೀಗೆಯೇ ಇರಲಿಲ್ಲವೆ ಎಂದು ಕೇಳಬಹುದು. ಇತ್ತು, ಇನ್ನೂ ಕಠಿನವಾಗಿತ್ತು. ಆದರೆ ಅಂದು ಮುಂದೊಂದು ಮೆಟ್ಟಿಲು ಕಾಣುತ್ತಿತ್ತು. ಲೋಟ ತೊಳೆಯುವ ಮಾಣಿ ಸಪ್ಲೈಯರನಾಗಿ, ಗಲ್ಲಾದಲ್ಲಿ ಕುಳಿತು, ಒಂದು ದಿನ ತನ್ನದೇ ಹೋಟೆಲು ತೆರೆಯುವ ಆಸೆ ಹೊತ್ತಿದ್ದ. ಉಡುಪಿ ಸೀಮೆಯ ಕೆ. ಕೃಷ್ಣರಾಯರು ಮದರಾಸಿನಲ್ಲಿ ಅಡಿಗೆಮನೆಯ ಆಳಾಗಿ ದುಡಿದು, 1938ರಲ್ಲಿ ಅದೇ ನಗರದಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದರು. ಎಲ್ಲರೂ ಕೃಷ್ಣರಾಯರಾಗಲಿಲ್ಲ, ನಿಜ. ಆದರೂ ಆಸೆ ಆಳನ್ನು ನಿಲ್ಲಿಸಿತ್ತು. ಇಂದಿನ ನಗರಗಳ ಬಾಡಿಗೆ, ಮುಂಗಡಗಳನ್ನು ಆಳಿನ ಉಳಿತಾಯದಿಂದ ತೆರುವುದು ಕನಸಿನ ಮಾತು. ಹತ್ತು ವರ್ಷ ತಟ್ಟೆ ಎತ್ತಿದವನ ಕೈಯಲ್ಲಿ ಉಳಿಯುವುದು ತಟ್ಟೆಯೇ. ಆದುದರಿಂದಲೇ ಕರಾವಳಿಯ ಅನೇಕ ಹುಡುಗರು ಓದಿ ಬೇರೆ ದಾರಿ ಹಿಡಿದರು. ಅವರ ಜಾಗಕ್ಕೆ ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದವನು, ನಾಲ್ಕು ಕಾಸು ಹೆಚ್ಚು ಸಿಕ್ಕುವಲ್ಲಿಗೆ ಹೊರಟರೆ ತಪ್ಪೇನು? ಇಲ್ಲಿ ನಿಂತು ಅವನು ಕಾಯಬೇಕಾದುದಾದರೂ ಏನಿದೆ?

ಸಂಬಳ ಏರಬೇಕು, ಆದರೆ ಅದೊಂದೇ ಸಾಲದು. ಒಂದೇ ಹಿಡಿಗೆ ಮುಗಿಯುವ ಪಾಳಿ, ತಪ್ಪದ ವಾರದ ರಜ, ಕೆಲಸ ಕಲಿತವನಿಗೆ ಮೇಲಿನ ಸ್ಥಾನ, ಹಳಬನಿಗೆ ಲಾಭದಲ್ಲಿ ಅಲ್ಪ ಪಾಲು ಇವಿಷ್ಟನ್ನು ಕೊಟ್ಟು ನೋಡಲಿ. ಎರಡು ಪಾಳಿಗೆ ಹೆಚ್ಚು ಆಳು ಬೇಕು, ದೋಸೆಯ ಬೆಲೆ ಏರೀತು ಎಂದು ಮಾಲಿಕರು ಹೇಳಿಯಾರು. ಏರಲಿ. ಆ ಬೆಲೆಯನ್ನು ತೆರಲು ವಿದ್ಯಾರ್ಥಿಗಳಾದ ನಾವೇ ಹಿಂಜರಿದರೆ, ಆಳು ನಿಲ್ಲದಿರುವುದಕ್ಕೆ ಮಾಲಿಕರೊಬ್ಬರನ್ನೇ ದೂರುವುದು ನ್ಯಾಯವಾಗದು.